ಕುಂಡದ ನಿತ್ಯಹಸಿರು ಗಿಡ ಚಳಿಗೆ ಕಂದಾದರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ನಾನಿರುವ ಷಿಕಾಗೊ ಕಡೆ 2019ರ ಜನವರಿ 30ರಂದು ಅದು ಮೈನಸ್ 31ಕ್ಕೆ ಇಳಿದಿತ್ತು. ಊರಲ್ಲಿ ಅಮ್ಮನ ಜೊತೆ ಗಿಡ ಬೆಳೆಸಿ ಕಲಿತದ್ದು ಇಲ್ಲೂ ಎಷ್ಟೋ ಉಪಯೋಗಕ್ಕೆ ಬರುತ್ತದೆ. ಆದರೆ ಬೇರು ಹೆಪ್ಪುಗಟ್ಟಿ ಸಾಯಬಹುದು ಅನ್ನೋ ಯೋಚನೆ ನಮ್ಮ ಕಡೆಯವರಿಗೆ ಸುಲಭಕ್ಕೆ ಬರುವುದಿಲ್ಲ. ಊರಲ್ಲಿ ಅದನ್ನು ನೋಡಿದವರೇ ಇಲ್ಲವಲ್ಲ.

ನಾವು ಈ ಮನೆಗೆ ಬಂದ ಮೊದಲ ವರ್ಷ ಮುಂಬಾಗಿಲ ಎರಡೂ ಪಕ್ಕ ಬಾಕ್ಸ್‌ವುಡ್ ಗಿಡಗಳನ್ನು ಕುಂಡದಲ್ಲಿ ಇಟ್ಟಿದ್ದೆವು. ದುಂಡಗೆ ಕತ್ತರಿಸಿದ, ಮಿರಮಿರ ಮಿಂಚುವ ಗಿಡಗಳು. ಡಿಸೆಂಬರ್‌ನಲ್ಲಿ ಹಸಿರು, ಫೆಬ್ರವರಿಯಲ್ಲೂ ಹಸಿರು. ಪರವಾಗಿಲ್ಲ, ಚಳಿ ತಡೆದವು ಅಂದುಕೊಂಡೆವು. ಏಪ್ರಿಲ್‌ನಲ್ಲಿ ನಾಲ್ಕು ದಿನ ಬಿಸಿಲು ಬಂತು. ಒಂದೇ ವಾರದಲ್ಲಿ ಎರಡೂ ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಕುಂಡದಿಂದ ಕಿತ್ತು ನೋಡಿದಾಗ ಬೇರಿನ ಮೇಲಿನ ಸಿಪ್ಪೆ, ನೆನೆಸಿದ ಕಡಲೆಯ ಸಿಪ್ಪೆ ಹಾಗೆ, ಬೆರಳಿಗೆ ಜಾರಿ ಬಂತು. ಒಳಗೆ ದಾರದಂಥ ಎಳೆ ಮಾತ್ರ ಉಳಿದಿತ್ತು. ಆ ಬೇರು ಸತ್ತಿದ್ದು ಏಪ್ರಿಲ್‌ನಲ್ಲಿ ಅಲ್ಲ, ಜನವರಿಯಲ್ಲೇ. ಎಲೆಗೆ ಆ ಸುದ್ದಿ ತಲುಪಲು ಮೂರು ತಿಂಗಳು ಬೇಕಾಯ್ತು.

ಆಮೇಲಿಂದ ನಾನು ಎಲೆ ನೋಡಿ ತೀರ್ಮಾನ ಮಾಡುವುದು ಬಿಟ್ಟೆ. ಕುಂಡದ ಗಿಡ ಕಂದಾದಾಗ ನನ್ನ ಮೊದಲ ಪ್ರಶ್ನೆ: ಮಣ್ಣಿನೊಳಗೆ ಏನಾಗಿದೆ? ಕೆಳಗಿನ ಪ್ರತಿ ಭಾಗವೂ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರುವಾಗುತ್ತದೆ. ಕಾಸು ಖರ್ಚಿಲ್ಲದ ತಪಾಸಣೆ ಮೊದಲು, ಗಿಡವನ್ನು ಕಿತ್ತು ನೋಡುವುದು ಕೊನೆಗೆ.

ಯಾವ ಲಕ್ಷಣವಾದರೂ ಮೊದಲು ಈ ಮೂರು ಕೆಲಸ

ಕತ್ತರಿ ಕೆಳಗಿಡಿ. ಚಳಿಗಾಲದಲ್ಲಿ ಕಂದಾದ ಕೊಂಬೆಯನ್ನು ಚಳಿಗಾಲದಲ್ಲೇ ಕತ್ತರಿಸಬೇಡಿ. ಎಲೆ ಸುಟ್ಟಿದ್ದರೂ ಮೊಗ್ಗು ಬದುಕಿರುತ್ತದೆ ಎಷ್ಟೋ ಸಲ. ಅದು ಗೊತ್ತಾಗುವುದು ಮೇ ತಿಂಗಳಲ್ಲಿ.

ಎರಡನೆಯದು ಉಗುರಿನ ಪರೀಕ್ಷೆ. ಅಮ್ಮ ಒಣಗಿದಂತೆ ಕಾಣುವ ದಾಸವಾಳದ ಕಡ್ಡಿಯನ್ನು ಉಗುರಲ್ಲಿ ಕೆರೆದು "ಜೀವ ಇದೆ, ಬಿಡು" ಅನ್ನುತ್ತಿದ್ದರಲ್ಲ, ಅದೇ. ತೆಳು ಕೊಂಬೆಯ ತೊಗಟೆಯನ್ನು ಸ್ವಲ್ಪವೇ ಸ್ವಲ್ಪ ಕೆರೆಯಿರಿ. ಕೆಳಗೆ ಹಸಿರು, ತೇವ ಕಂಡರೆ ಆ ಕೊಂಬೆಗೆ ಜೀವ ಇದೆ. ಕಂದು, ಒಣಕಲು ಇದ್ದರೆ ಇನ್ನೊಂದು ಗೇಣು ಕೆಳಗೆ ಕೆರೆದು ನೋಡಿ. ತುದಿಯಿಂದ ಬುಡದ ಕಡೆಗೆ ಹೋಗುತ್ತಾ ಹಸಿರು ಎಲ್ಲಿ ಶುರುವಾಗುತ್ತದೆ ಅನ್ನುವುದು ಮುಖ್ಯ. ಆದರೆ ಒಂದು ಮಾತು ನೆನಪಿಡಿ. ಜನವರಿ, ಫೆಬ್ರವರಿಯಲ್ಲಿ ಹಸಿರು ಕಂಡರೆ ಕೊಂಬೆ ಬದುಕಿದೆ ಎಂದಷ್ಟೇ ಅರ್ಥ. ಬೇರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಕಡಿದು ತಂದ ಕ್ರಿಸ್‌ಮಸ್ ಮರಕ್ಕೆ ಬೇರೇ ಇರುವುದಿಲ್ಲ, ಆದರೂ ವಾರಗಟ್ಟಲೆ ಹಸಿರಾಗಿರುತ್ತದೆ ಅಲ್ವಾ? ಹಾಗೆ.

ಮೂರನೆಯದು ಮಣ್ಣು. ಉದ್ದನೆಯ ಬಿದಿರು ಕಡ್ಡಿ ಅಥವಾ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಇಳಿಯದಿದ್ದರೆ ಮಣ್ಣು ಹೆಪ್ಪುಗಟ್ಟಿದೆ. ಇಳಿದು ಒಣಗಿಯೇ ಹೊರಬಂದರೆ ಗಿಡಕ್ಕೆ ನೀರಿಲ್ಲ. ಕಪ್ಪಗೆ ಮೆತ್ತಿಕೊಂಡು ಕೆಟ್ಟ ವಾಸನೆ ಬಂದರೆ ನೀರು ಬಸಿಯುತ್ತಿಲ್ಲ. ಅಡುಗೆಮನೆಯಲ್ಲಿ ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ, ಕುಂಡದ ಗೋಡೆಗೆ ಹತ್ತಿರ ಮಣ್ಣಿಗೆ ಚುಚ್ಚಿ ಎಷ್ಟು ಡಿಗ್ರಿ ಅಂತ ಬರೆದಿಡಿ. ಹತ್ತು ಡಾಲರ್ ಆಸುಪಾಸಿನ ಆ ಸಾಮಾನು ನನಗೆ ಕಲಿಸಿದಷ್ಟು ಬೇರೇನೂ ಕಲಿಸಿಲ್ಲ.

ಇಡೀ ಗಿಡ ಮಂಕಾಗಿದೆ, ತಾಮ್ರದ ಬಣ್ಣಕ್ಕೆ ತಿರುಗಿದೆ

ಹೆಚ್ಚಾಗಿ ಇದು ಕಾಯಿಲೆ ಅಲ್ಲ. ಜೂನಿಪರ್, ಆರ್ಬರ್‌ವೈಟಿ, ಬಾಕ್ಸ್‌ವುಡ್ ಇವೆಲ್ಲ ಚಳಿಗೆ ಬಣ್ಣ ಬದಲಿಸುತ್ತವೆ. ವಸಂತದಲ್ಲಿ ಮತ್ತೆ ಹಸಿರಾಗುತ್ತವೆ. ಬಣ್ಣ ಇಡೀ ಗಿಡಕ್ಕೆ ಒಂದೇ ಸಮ ಇದ್ದು, ಎಲೆ ಮುಟ್ಟಿದರೆ ಮೆತ್ತಗೆ ಬಾಗಿ, ಉಗುರು ಪರೀಕ್ಷೆಯಲ್ಲಿ ಹಸಿರು ಕಂಡರೆ ಸುಮ್ನೆ ಬಿಡಿ.

ರೋಡೊಡೆಂಡ್ರನ್ ಎಲೆ ಚುಟ್ಟಾದಂತೆ ಸುರುಳಿ ಸುತ್ತಿ ಜೋತು ಬಿದ್ದಿದ್ದರೂ ಗಾಬರಿ ಬೇಡ. ಕಡು ಚಳಿಯಲ್ಲಿ ಅದು ಹಾಗೇ ಮಾಡುತ್ತದೆ. ಬಿಸಿಲೇರಿದಾಗ ಬಿಚ್ಚಿಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಪೈನ್ ಗಿಡದ ಒಳಭಾಗದ ಹಳೇ ಸೂಜಿ ಎಲೆ ಹಳದಿಯಾಗಿ ಉದುರುವುದೂ ಮಾಮೂಲು. ತುದಿಯ ಎಲೆ ಹಸಿರಾಗಿದ್ದರೆ ಸಾಕು.

ಒಂದೇ ಪಕ್ಕ ಕಂದಾಗಿದೆ, ಇನ್ನೊಂದು ಪಕ್ಕ ಚೆನ್ನಾಗಿದೆ

ಜನ ಅತಿ ಹೆಚ್ಚು ಕೇಳುವ ತೊಂದರೆ ಇದೇ. ಯಾವ ಪಕ್ಕ ಅನ್ನುವುದೇ ಇಲ್ಲಿ ಉತ್ತರ. ಹಾಗಾಗಿ ಫೋನ್‌ನಲ್ಲಿ ದಿಕ್ಸೂಚಿ ತೆಗೆದು ಗಿಡದ ಪಕ್ಕ ನಿಂತುಕೊಳ್ಳಿ.

ದಕ್ಷಿಣ ಅಥವಾ ನೈಋತ್ಯ ಪಕ್ಕ, ಇಲ್ಲವೇ ಗಾಳಿ ಬೀಸುವ ಪಕ್ಕ ಕಂದಾಗಿದ್ದರೆ ಗಿಡ ಒಣಗಿದೆ. ಎಲೆ ಉದುರಿಸುವ ಮರ ಚಳಿಗಾಲ ಪೂರ್ತಿ ಮಲಗುತ್ತದೆ. ನಿತ್ಯಹಸಿರು ಗಿಡ ಪೂರ್ತಿ ಮಲಗುವುದಿಲ್ಲ. ಫೆಬ್ರವರಿಯ ಎಳೆ ಬಿಸಿಲಿಗೂ ಎಲೆಯಿಂದ ನೀರು ಆರುತ್ತಲೇ ಇರುತ್ತದೆ. ಕುಂಡದ ಮಣ್ಣು ಮಾತ್ರ ಕಲ್ಲಾಗಿರುತ್ತದೆ, ಬೇರಿಗೆ ಒಂದು ಹನಿಯೂ ಸಿಗುವುದಿಲ್ಲ. ಖರ್ಚಿದೆ, ಆದಾಯ ಇಲ್ಲ. ಕೊನೆಗೆ ಎಲೆಯ ತುದಿಯಿಂದ ಒಣಗುತ್ತಾ ಬರುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಗುರುತಿದೆ: ಹಿಮ ಮುಚ್ಚಿದ್ದ ಕೆಳಭಾಗ ಹಸಿರಾಗಿದ್ದು, ಹಿಮದ ಗೆರೆಯಿಂದ ಮೇಲೆ ಮಾತ್ರ ಕಂದಾಗಿದ್ದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಹವಾಮಾನದ ಆಪ್‌ನಲ್ಲಿ "ಅನುಭವಕ್ಕೆ ಇಷ್ಟು ಡಿಗ್ರಿ" ಅಂತ ಕಾಣುತ್ತದಲ್ಲ, ಆ ಲೆಕ್ಕ ನಮ್ಮ ಚರ್ಮಕ್ಕೆ. ಗಾಳಿ ಬೀಸಿತು ಅಂತ ಗಿಡ ಸುತ್ತಲಿನ ಹವೆಗಿಂತ ತಣ್ಣಗಾಗಿಬಿಡುವುದಿಲ್ಲ. ಆದರೆ ಗಾಳಿ ಅದನ್ನು ಬೇಗ ಒಣಗಿಸುತ್ತದೆ. ಆದ್ದರಿಂದ ಕುಂಡಕ್ಕೆ ಹೊದಿಕೆ, ಎಲೆಗೆ ಗಾಳಿತಡೆ. ಎರಡೂ ಬೇರೆ ಬೇರೆ ಕೆಲಸ.

ಪರಿಹಾರ ಅಗ್ಗದ್ದರಿಂದ ಶುರು ಮಾಡೋಣ. ಕುಂಡವನ್ನು ಮನೆಯ ಪೂರ್ವ ಅಥವಾ ಉತ್ತರ ಗೋಡೆಯ ಮಗ್ಗುಲಿಗೆ ಸರಿಸಿ. ಚಳಿಗಾಲದ ಬಿಸಿಲು ಕಮ್ಮಿ ಇರುವ, ಗಾಳಿ ನೇರವಾಗಿ ಹೊಡೆಯದ ಜಾಗ ಬೇಕು. ದಕ್ಷಿಣ ಗೋಡೆ ಬೆಚ್ಚಗಿರುತ್ತದೆ ಅಂತ ಅಲ್ಲಿಡುವವರು ಜಾಸ್ತಿ. ಅಲ್ಲಿ ಹಗಲು ಮಣ್ಣು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ, ಮರುದಿನ ಮತ್ತೆ ಅದೇ. ಗಿಡಕ್ಕೆ ಅದು ಒಂದೇ ಸಮನೆ ಚಳಿ ಇರುವುದಕ್ಕಿಂತ ಕಷ್ಟ.

ಆಮೇಲೆ ನೀರು. ಮಣ್ಣು ಹೆಪ್ಪುಗಟ್ಟುವ ಮೊದಲು, ಅಂದರೆ ದೀಪಾವಳಿಯಿಂದ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ, ಕುಂಡದ ತೂತಿನಿಂದ ಹೊರಬರುವಷ್ಟು ನೀರು ಹಾಕುತ್ತಿರಿ. ತೇವ ಇರುವ ಮಣ್ಣು ಒಣ ಮಣ್ಣಿಗಿಂತ ನಿಧಾನವಾಗಿ ತಣ್ಣಗಾಗುತ್ತದೆ ಅನ್ನುವುದು ಇನ್ನೊಂದು ಲಾಭ. ಚಳಿಗಾಲದ ಮಧ್ಯೆ ಮಣ್ಣು ಕರಗಿ, ಹವೆ 4 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಮಧ್ಯಾಹ್ನ ಕಡ್ಡಿ ಚುಚ್ಚಿ ನೋಡಿ, ಒಣಗಿದ್ದರೆ ನೀರು ಕೊಡಿ. ಮಣ್ಣು ಕರಗಿಸಲು ಬಿಸಿನೀರು ಮಾತ್ರ ಹುಯ್ಯಬೇಡಿ.

ಮೂರನೆಯದು ಗೋಣಿ. ಇಲ್ಲಿನ ತೋಟದ ಅಂಗಡಿಯಲ್ಲಿ ಬರ್ಲ್ಯಾಪ್ ಅಂತ ಮಾರುವುದು ನಮ್ಮ ಗೋಣಿತಟ್ಟೇ. ನಾನು ಕೊಳ್ಳುವುದಿಲ್ಲ. ಬಾಸ್ಮತಿ ಅಕ್ಕಿಯ ಸೆಣಬಿನ ಚೀಲಗಳನ್ನು ವರ್ಷವಿಡೀ ಕೂಡಿಡುತ್ತೇನೆ. ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಪ್ಲಾಸ್ಟಿಕ್ ಪದರ ಇದ್ದರೆ ಕಿತ್ತುಹಾಕಿ, ದಬ್ಬಣದಲ್ಲಿ ಸೆಣಬಿನ ಹುರಿ ಪೋಣಿಸಿ ನಾಲ್ಕು ಚೀಲ ಒಂದಕ್ಕೊಂದು ಹೊಲಿಯುತ್ತೇನೆ. ಎರಡು ಗೂಟ ನೆಟ್ಟು ಗಾಳಿ ಬರುವ ಪಕ್ಕಕ್ಕೆ ಪರದೆ ಹಾಗೆ ಕಟ್ಟಿದರೆ ಆಯಿತು. ಎಲೆಗೆ ತಾಗಬಾರದು, ಒಂದು ಗೇಣು ದೂರ ಇರಲಿ. ಮೇಲ್ಗಡೆ ತೆರೆದಿರಲಿ. ಗಿಡಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಲೇಬೇಡಿ. ಬಿಸಿಲು ಬಿದ್ದ ಹಗಲಲ್ಲಿ ಒಳಗೆ ಒಲೆ ಹಾಗೆ ಕಾದು, ರಾತ್ರಿ ಮತ್ತೆ ತಣ್ಣಗಾಗುತ್ತದೆ.

ಎಲೆಗೆ ಮೇಣದಂಥ ಪದರ ಕೊಡುವ ಸ್ಪ್ರೇಗಳೂ ಸಿಗುತ್ತವೆ. ನನ್ನ ಮಟ್ಟಿಗೆ ಅವು ಕೊನೆಯ ಆಯ್ಕೆ. ಫಲಿತಾಂಶ ಒಂದೇ ತರ ಇರುವುದಿಲ್ಲ. ನೀಲಿ ಛಾಯೆಯ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಗಿಡಕ್ಕೆ ಹೊಡೆದರೆ ಆ ನೀಲಿ ಬಣ್ಣವೇ ಹೋಗಿಬಿಡುತ್ತದೆ.

ಇನ್ನು ಕಂದಾಗಿರುವುದು ರಸ್ತೆ ಅಥವಾ ಕಾಲುದಾರಿಯ ಪಕ್ಕವಾದರೆ ಉಪ್ಪಿನ ಮೇಲೆ ಅನುಮಾನ ಪಡಿ. ಮಂಜುಗಡ್ಡೆ ಕರಗಿಸಲು ಎರಚುವ ಉಪ್ಪು ಕಾರಿನ ಚಕ್ರಕ್ಕೆ ಸಿಕ್ಕಿ ಸಿಡಿಯುತ್ತದೆ. ಹಿಮ ತಳ್ಳುವಾಗ ಕುಂಡದೊಳಕ್ಕೂ ಬೀಳುತ್ತದೆ. ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿಗೆ ಬಿಳಿ ಪುಡಿ ಕೂತಿದ್ದರೆ ಬಹುಮಟ್ಟಿಗೆ ಅದೇ. ಮಣ್ಣು ಕರಗಿದ ಮೇಲೆ ಕುಂಡದ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಕಿ ತೊಳೆದುಬಿಡಿ. ಎಲೆಯನ್ನೂ ತೊಳೆಯಿರಿ. ಮುಂದಿನ ವರ್ಷ ಗಿಡದ ಹತ್ತಿರ ಉಪ್ಪಿನ ಬದಲು ಮರಳು ಹಾಕಿ.

ಮೂರನೇ ಸಾಧ್ಯತೆ ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್ ಅನ್ನುವ ಕುಳ್ಳ ಜಾತಿಯ ಸ್ಪ್ರೂಸ್ ಇಟ್ಟವರಿಗೆ. ಚಳಿ ಅಂತ ಅಂದುಕೊಂಡದ್ದು ನುಸಿ ಇರಬಹುದು. ಬಿಳಿ ಹಾಳೆಯನ್ನು ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿ. ಹಾಳೆಯ ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಚುಕ್ಕಿಗಳು ಬಿದ್ದು ನಡೆದಾಡುತ್ತವೆಯೇ ನೋಡಿ. ಬೆರಳಲ್ಲಿ ಒರೆಸಿದಾಗ ಹಸಿರು ಗೆರೆ ಎಳೆದರೆ ಎಲೆಯ ರಸ ಹೀರುವ ನುಸಿ. ಈ ನುಸಿಗೆ ತಂಪು ಹವೆ ಇಷ್ಟ. ವಸಂತದಲ್ಲೂ ಶರತ್ಕಾಲದಲ್ಲೂ ಹೆಚ್ಚುತ್ತದೆ. ಪೈಪಿನ ನೀರನ್ನು ಜೋರಾಗಿ, ವಾರಕ್ಕೆರಡು ಸಲ, ಒಳಕೊಂಬೆಗೂ ತಾಗುವಂತೆ ಹೊಡೆದರೆ ಬಹಳಷ್ಟು ಕಮ್ಮಿಯಾಗುತ್ತದೆ. ಔಷಧಿಗೆ ಓಡುವ ಮೊದಲು ಇದನ್ನು ಎರಡು ಮೂರು ವಾರ ಮಾಡಿ.

ಚಳಿಗಾಲ ಪೂರ್ತಿ ಹಸಿರಾಗಿತ್ತು, ಏಪ್ರಿಲ್‌ನಲ್ಲಿ ಒಮ್ಮೆಲೇ ಇಡೀ ಗಿಡ ಕಂದು

ಇದು ನನ್ನ ಬಾಕ್ಸ್‌ವುಡ್ ಕಥೆ. ಬೇರು ಸತ್ತಿದೆ.

ಗಿಡದ ಮೇಲ್ಭಾಗಕ್ಕೂ ಬೇರಿಗೂ ಚಳಿ ತಡೆಯುವ ಶಕ್ತಿ ಒಂದೇ ಅಲ್ಲ. ಬಾಕ್ಸ್‌ವುಡ್ ಎಲೆ ಮೈನಸ್ 20 ಡಿಗ್ರಿಯನ್ನೂ ತಡೆಯಬಹುದು. ಅದೇ ಗಿಡದ ಎಳೆ ಬೇರು ಮೈನಸ್ 3ರ ಸುತ್ತಮುತ್ತಲೇ ಸಾಯುತ್ತದೆ. ಬಿಳಿ ಸ್ಪ್ರೂಸ್‌ನ ಬೇರು ಮಾತ್ರ ಗಟ್ಟಿ, ಸುಮಾರು ಮೈನಸ್ 23ರವರೆಗೂ ತಾಳುತ್ತದೆ. ನೆಲದಲ್ಲಿ ನೆಟ್ಟ ಗಿಡಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಭೂಮಿಯೇ ಅದಕ್ಕೆ ಕಂಬಳಿ. ಕುಂಡಕ್ಕೆ ನಾಲ್ಕೂ ಕಡೆಯಿಂದ ಚಳಿ. ಅದರಲ್ಲೂ ಎಳೆ ಬೇರು ಇರುವುದು ಕುಂಡದ ಗೋಡೆಗೆ ಅಂಟಿಕೊಂಡೇ. ಎಲ್ಲಕ್ಕಿಂತ ನಾಜೂಕಾದ ಬೇರು ಎಲ್ಲಕ್ಕಿಂತ ತಣ್ಣನೆಯ ಜಾಗದಲ್ಲಿ.

ಖಚಿತ ಮಾಡಿಕೊಳ್ಳಲು ಗಿಡವನ್ನು ಕುಂಡದಿಂದ ತೆಗೆಯಲೇಬೇಕು. ಮಣ್ಣು ಪೂರ್ತಿ ಕರಗಿದ ಮೇಲೆ ತೆಗೆಯಿರಿ. ಹೆಪ್ಪುಗಟ್ಟಿದ ಉಂಡೆಯನ್ನು ಎಳೆದರೆ ಬದುಕಿದ ಬೇರೂ ಹರಿಯುತ್ತದೆ. ಕುಂಡವನ್ನು ಅಡ್ಡ ಮಲಗಿಸಿ, ಪಕ್ಕ ತಟ್ಟಿ, ಬುಡ ಹಿಡಿದು ಜಾರಿಸಿ. ಹೊರಮೈಯ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿದ್ದು ಬಿಗಿಯಾಗಿದ್ದರೆ ಜೀವ ಇದೆ. ಕಪ್ಪಗೆ ಮೆತ್ತಗಾಗಿ ಸಿಪ್ಪೆ ಜಾರಿದರೆ ಆ ಬೇರು ಹೋಗಿದೆ. ಆದರೆ ಅಷ್ಟಕ್ಕೇ ಕೈಬಿಡಬೇಡಿ, ಉಂಡೆಯ ಒಳಗೆ ಬೆರಳು ಹಾಕಿ ನೋಡಿ. ಎಷ್ಟೋ ಸಲ ಹೊರಗಿನ ಎರಡು ಬೆರಳಗಲ ಸತ್ತು ನಡುವಿನ ಬೇರು ಬದುಕಿರುತ್ತದೆ.

ಅರ್ಧಕ್ಕಿಂತ ಹೆಚ್ಚು ಬೇರು ಬದುಕಿದ್ದರೆ ಸತ್ತದ್ದನ್ನು ಸವರಿ, ಹೊಸ ಮಣ್ಣಿಗೆ ಹಾಕಿ, ನೆರಳಲ್ಲಿಡಿ. ನೀರು ಹದವಾಗಿ ಕೊಡಿ. ಕುಡಿಯುವ ಬೇರು ಕಮ್ಮಿ ಇರುವಾಗ ಜಾಸ್ತಿ ನೀರು ಹಾಕಿದರೆ ಉಳಿದದ್ದೂ ಕೊಳೆಯುತ್ತದೆ. ಗೊಬ್ಬರ ಬೇಡವೇ ಬೇಡ, ಹೊಸ ಚಿಗುರು ನಿಲ್ಲುವವರೆಗೆ. ಎಲ್ಲಾ ಬೇರೂ ಹೋಗಿದ್ದು, ಬುಡದ ತೊಗಟೆಯಡಿಯೂ ಕಂದಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಆ ಗಿಡಕ್ಕೆ ದುಡ್ಡು ಹಾಕಬೇಡಿ.

ಮುಂದಿನ ಚಳಿಗಾಲಕ್ಕೆ ತಯಾರಿ ಅಂಗಡಿಯಲ್ಲೇ ಶುರು. ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು ಚಳಿಯ ಪ್ರಕಾರ 13 ವಲಯಗಳಾಗಿ ಹಂಚಿ ನಕ್ಷೆ ಮಾಡಿದೆ. 2023ರಲ್ಲಿ ಅದನ್ನು ಹೊಸದು ಮಾಡಿದರು. ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಹಾಕಿದರೆ ನಿಮ್ಮ ವಲಯ ತಿಳಿಯುತ್ತದೆ. ಗಿಡದ ಚೀಟಿಯ ಮೇಲಿರುವ ಅಂಕಿ ನೆಲದಲ್ಲಿ ನೆಡುವುದಕ್ಕೆ. ಕುಂಡಕ್ಕೆ ಎರಡು ವಲಯ ಹೆಚ್ಚು ಚಳಿ ತಡೆಯುವ ಗಿಡ ತೊಗೊಳ್ಳಿ. ನಿಮ್ಮದು 6 ಆದರೆ 4ನೇ ವಲಯದ ಗಿಡ. ವಲಯದ ಅಂಕಿ ಕಮ್ಮಿ ಆದಷ್ಟೂ ಗಿಡ ಗಟ್ಟಿ.

ಕುಂಡ ದೊಡ್ಡದಿರಲಿ. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ಗೊಬ್ಬರ ನಿಲ್ಲಿಸಿ, ಇಲ್ಲದಿದ್ದರೆ ಚಳಿ ಬರುವ ಹೊತ್ತಿಗೆ ಎಳೆ ಚಿಗುರು ಬಂದು ಸುಡುತ್ತದೆ. ನವೆಂಬರ್ ಕೊನೆಗೆ ಕುಂಡವನ್ನು ಡೆಕ್‌ನಿಂದ, ಅಂದರೆ ಮನೆಗೆ ಅಂಟಿದ ಮರದ ಜಗಲಿಯಿಂದ, ಕೆಳಗಿಳಿಸಿ ನೆಲಕ್ಕೆ ತಾಗುವಂತೆ ಇಡಿ. ಡೆಕ್ ಕೆಳಗೂ ತಣ್ಣನೆ ಗಾಳಿ ಓಡಾಡುತ್ತದೆ, ನೆಲದಿಂದ ಸ್ವಲ್ಪವಾದರೂ ಬೆಚ್ಚನೆ ಬರುತ್ತದೆ. ಕುಂಡಗಳನ್ನೆಲ್ಲ ಒತ್ತೊತ್ತಾಗಿ ಇಟ್ಟು, ನಾಜೂಕಾದ್ದನ್ನು ನಡುವೆ ಕೂರಿಸಿ. ಸುತ್ತ ಕೋಳಿಬಲೆ ತಂತಿಯನ್ನು ಒಂದು ಗೇಣು ಅಂತರ ಬಿಟ್ಟು ನಿಲ್ಲಿಸಿ, ಆ ಸಂದಿಗೆ ಒಣ ತರಗೆಲೆ ತುಂಬಿ, ಮಣ್ಣಿನ ಮೇಲೂ ನಾಲ್ಕು ಬೆರಳು ಮರದ ಚಕ್ಕೆ ಹಾಸಿ. ಜಾಗ ಇದ್ದರೆ ಇನ್ನೂ ಒಳ್ಳೆಯ ದಾರಿ, ನೆಲದಲ್ಲಿ ಗುಂಡಿ ತೋಡಿ ಕುಂಡವನ್ನು ಅಂಚಿನವರೆಗೆ ಹೂತುಬಿಡುವುದು. ಖರ್ಚು ಸೊನ್ನೆ, ಇದಕ್ಕಿಂತ ಒಳ್ಳೆಯ ಕಂಬಳಿ ಇಲ್ಲ.

ಹಿಮ ಬಿದ್ದರೆ ಕುಂಡದ ಸುತ್ತ ಗುಡ್ಡೆ ಹಾಕಿ. ಹಿಮ ತಣ್ಣಗಿದ್ದರೂ ಹೊರಗಿನ ಮೈನಸ್ 20ಕ್ಕಿಂತ ಬಹಳ ಬೆಚ್ಚಗೆ ಇಡುತ್ತದೆ. ಉಪ್ಪು ಬೆರೆತ ಡ್ರೈವ್‌ವೇ ಹಿಮ ಮಾತ್ರ ಬೇಡ.

ಕುಂಡ ಬಿರುಕು ಬಿಟ್ಟಿದೆ, ಅಥವಾ ಮೇಲೆ ನೀರು ನಿಂತಿದೆ

ನೀರು ಮಂಜುಗಡ್ಡೆಯಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಮಣ್ಣಿನ ಕುಂಡ ನೀರು ಹೀರಿಕೊಂಡಿರುತ್ತದೆ, ಹಾಗಾಗಿ ಒಡೆಯುತ್ತದೆ. ಚಳಿಗಾಲಕ್ಕೆ ದಪ್ಪ ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಅಥವಾ ಮರದ ಕುಂಡ ವಾಸಿ. ನೀರು ನಿಂತಿದ್ದರೆ ತೂತು ಮುಚ್ಚಿದೆಯಾ ನೋಡಿ, ಕೆಳಗಿನ ತಟ್ಟೆ ತೆಗೆದುಬಿಡಿ, ನೀರು ಬಸಿದು ಹೋಗುವವರೆಗೆ ಎರಡು ಇಟ್ಟಿಗೆ ಚೂರಿನ ಮೇಲೆ ಕೂರಿಸಿ. ಬಿರುಕು ಬಿಟ್ಟ ಕುಂಡಕ್ಕೆ ವಸಂತದವರೆಗೆ ತಂತಿ ಸುತ್ತಿ ಬಿಗಿದರೆ ಸಾಕು. ಆಗಲೇ ಕುಂಡ ಬದಲಿಸಲು ಹೋಗಬೇಡಿ.

ಹಿಮದ ಭಾರಕ್ಕೆ ಕೊಂಬೆ ಬಾಗಿ ಗಿಡ ಸೀಳಿದಂತಿದೆ

ಮೆತ್ತನೆ ಹಿಮವಾದರೆ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಎತ್ತಿ ಉದುರಿಸಿ. ಮಂಜುಗಡ್ಡೆ ಕಟ್ಟಿದ್ದರೆ ಮುಟ್ಟಬೇಡಿ, ತಾನಾಗಿ ಕರಗಲಿ. ಹೊಡೆದರೆ ಕೊಂಬೆಯೇ ಮುರಿಯುತ್ತದೆ. ಆರ್ಬರ್‌ವೈಟಿಯನ್ನು ನವೆಂಬರ್‌ನಲ್ಲೇ ಸೆಣಬಿನ ಹುರಿಯಿಂದ ಸಡಿಲವಾಗಿ ಸುತ್ತಿ ಕಟ್ಟಿಟ್ಟರೆ ಈ ತೊಂದರೆ ಬರುವುದಿಲ್ಲ.

ಗ್ಯಾರೇಜ್‌ನಲ್ಲಿ ಇಟ್ಟ ಗಿಡ ಬಾಡಿದೆ, ಅಥವಾ ಬಿಳಿಚಿಕೊಂಡ ಚಿಗುರು ಬಂದಿದೆ

ಬಾಡಿದ್ದರೆ ಮೊದಲು ನೀರು ನೋಡಿ. ಗ್ಯಾರೇಜ್‌ಗೆ ಮಳೆ ಇಲ್ಲ, ಹಿಮ ಇಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಮಣ್ಣು ಮುಟ್ಟಿ ನೋಡದಿದ್ದರೆ ಗಿಡ ಸದ್ದಿಲ್ಲದೆ ಒಣಗುತ್ತದೆ. ಬಿಳಿಚಿದ ಚಿಗುರು ಬಂದಿದ್ದರೆ ಜಾಗ ತೀರಾ ಬೆಚ್ಚಗಿದೆ, ಬೆಳಕು ಸಾಲದು. ಗಟ್ಟಿ ಜಾತಿಯ ಗಿಡಗಳಿಗೆ ಮೈನಸ್ 4ರಿಂದ ಪ್ಲಸ್ 7 ಡಿಗ್ರಿವರೆಗಿನ ಜಾಗ ಹಿತ. ಕಿಟಕಿ ಹತ್ತಿರ ಇಡಿ. ಮನೆಯ ಹೀಟಿಂಗ್ ಇರುವ ಕೋಣೆಗೆ ತರಬೇಡಿ, ಅವಕ್ಕೆ ಆ ನಿದ್ದೆ ಬೇಕು.

ಇಲ್ಲೇ ಎಚ್ಚರಿಕೆಯ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಗಿಡ ಉಳಿಸುವ ಆತುರದಲ್ಲಿ ಜನ ಇದನ್ನು ಮಾಡುತ್ತಾರೆ. ಗ್ಯಾರೇಜ್ ಬೆಚ್ಚಗೆ ಮಾಡಲು ಇದ್ದಿಲ ಒಲೆ, ಗ್ರಿಲ್, ಸೀಮೆಎಣ್ಣೆ ಹೀಟರ್ ಯಾವುದನ್ನೂ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯೊಳಗೆ ಮಲಗಿದವರ ಜೀವಕ್ಕೇ ಅಪಾಯ. ಕರೆಂಟ್ ಹೀಟರನ್ನು ಎಕ್ಸ್‌ಟೆನ್ಷನ್ ವೈರಿಗೆ ಹಾಕಿ ಗೋಣಿ, ತರಗೆಲೆ ಪಕ್ಕ ಇಡಬೇಡಿ. ಗಿಡಕ್ಕೆ ಸುತ್ತುವ ಹಳೇ ಕಾಲದ ಬಲ್ಬಿನ ಸರ ಸ್ವಲ್ಪ ಶಾಖ ಕೊಡುತ್ತದೆ ನಿಜ. ಆದರೆ ಹೊರಗೆ ಬಳಸಲೆಂದೇ ಮಾಡಿದ್ದಾಗಿರಬೇಕು, ಒಣ ಗೋಣಿಗೆ ತಾಗಬಾರದು. ಎಲ್‌ಇಡಿ ಸರದಿಂದ ಹೇಳಿಕೊಳ್ಳುವಂಥ ಶಾಖ ಬರುವುದಿಲ್ಲ. ಒದ್ದೆ ಮಣ್ಣಿನ ದೊಡ್ಡ ಕುಂಡವನ್ನು ಒಬ್ಬರೇ ಎತ್ತಬೇಡಿ, ಅದೂ ಜಾರುವ ನೆಲದ ಮೇಲೆ. ಚಕ್ರದ ಹಲಗೆ ತೊಗೊಳ್ಳಿ, ಇಲ್ಲವೇ ಪಕ್ಕದ ಮನೆಯವರನ್ನು ಕರೆಯಿರಿ.

ಒಳಗೆ ತಂದ ಕರಿಬೇವು ಎಲೆ ಉದುರಿಸುತ್ತಿದೆ

ಗಿಡದ ವಿಷಯಕ್ಕೆ ನನಗೆ ಫೋನ್ ಮಾಡುವ ಕನ್ನಡದವರಲ್ಲಿ ಅರ್ಧ ಜನ ಕೇಳುವುದು ಇದನ್ನೇ. ಊರಲ್ಲಿ ವರ್ಷವಿಡೀ ಹಸಿರಾಗಿರುವ ಕರಿಬೇವಿಗೆ ಇಲ್ಲಿನ ನಿಯಮವೇ ಬೇರೆ. ಮೇಲೆ ಹೇಳಿದ ಯಾವ ಹೊದಿಕೆಯೂ ಅದಕ್ಕೆ ಸಾಲದು. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯಲು ಶುರುವಾದಾಗಲೇ ಒಳಗೆ ಬರಬೇಕು. ನವರಾತ್ರಿ ಬೊಂಬೆ ಕೂರಿಸುವ ಹೊತ್ತಿಗೆ ಕರಿಬೇವೂ ಒಳಗೆ ಅಂತ ಇಟ್ಟುಕೊಳ್ಳಿ.

ಒಳಗೆ ತಂದು ಎರಡು ಮೂರು ವಾರದಲ್ಲಿ ಎಲೆ ಹಳದಿಯಾಗಿ ಉದುರಿದರೆ ಹೆದರಬೇಡಿ. ಬೆಳಕು ಕಮ್ಮಿಯಾಯಿತು, ಗಿಡ ಅರೆನಿದ್ದೆಗೆ ಜಾರಿತು. ಉಗುರು ಪರೀಕ್ಷೆ ಮಾಡಿ. ಹಸಿರಿದ್ದರೆ ದಕ್ಷಿಣದ ಕಿಟಕಿಗೆ ಇಟ್ಟು, ನೀರು ಕಮ್ಮಿ ಮಾಡಿ. ಚಳಿಗಾಲದಲ್ಲಿ ಕರಿಬೇವನ್ನು ಚಳಿಗಿಂತ ಹೆಚ್ಚು ಕೊಲ್ಲುವುದು ನಮ್ಮ ಪ್ರೀತಿಯ ನೀರು. ಎಲೆ ಉದುರಿತು ಅಂತ ಮತ್ತೆ ಮತ್ತೆ ಹಾಕುತ್ತೇವೆ, ಬೇರು ಕೊಳೆಯುತ್ತದೆ. ಮೇಲಿನ ಎರಡು ಅಂಗುಲ ಒಣಗಿದ ಮೇಲೆ ಮಾತ್ರ ನೀರು.

ಎಲೆ ಮುಟ್ಟಿದರೆ ಅಂಟಂಟಾಗಿದ್ದರೆ ಕಾಂಡವನ್ನು ಗಮನವಿಟ್ಟು ನೋಡಿ. ಕಂದು ಹುರುಪೆಯಂತೆ ಅಂಟಿಕೊಂಡ ಸಣ್ಣ ಗುಬುಟುಗಳು ರಸ ಹೀರುವ ಕೀಟ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದು ಸೋಪಿನ ನೀರಲ್ಲಿ ಒರೆಸಿ. ಅಡುಗೆಗೆ ಕೀಳುವ ಎಲೆ, ಕೀಟನಾಶಕ ಹೊಡೆಯಬೇಡಿ.

ಎಲೆ ಉದುರುವ ಬದಲು ಕಪ್ಪಾಗಿ ನೇತಾಡುತ್ತಿದ್ದರೆ ಅದು ಹಿಮದ ಪೆಟ್ಟು. ಒಂದು ರಾತ್ರಿ ಹೊರಗೆ ಮರೆತಿದ್ದೀರಿ. ಬೆಚ್ಚಗಿನ ಜಾಗಕ್ಕೆ ತಂದು, ಕಾಂಡ ಹಸಿರಿದ್ದಲ್ಲಿಯವರೆಗೆ ಮಾರ್ಚ್‌ನಲ್ಲಿ ಕತ್ತರಿಸಿ. ಬುಡದಿಂದಲೂ ಚಿಗುರುವುದುಂಟು.

ಹೋಯಿತು ಅಂತ ಹೊಸ ಗಿಡ ತರಿಸುವ ಮುನ್ನ ಒಂದು ವಿಷಯ. ನಿಂಬೆ, ಕಿತ್ತಳೆಯಂಥ ಸಿಟ್ರಸ್ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆಯ ನಿರ್ಬಂಧಿತ ಪ್ರದೇಶಗಳಿಂದ ಗಿಡ ಹೊರಕ್ಕೆ ಸಾಗಿಸಲು ಸರ್ಕಾರದ ನಿಯಮಗಳಿವೆ. ಅಲ್ಲಿನ ನೆಂಟರ ಮನೆಯಿಂದ ಸೂಟ್‌ಕೇಸ್‌ನಲ್ಲಿ ತರುವುದು ಬೇಡ. ಅನುಮತಿ ಇರುವ ನರ್ಸರಿಯಿಂದ ತೊಗೊಳ್ಳಿ.

ಯಾವಾಗ ನಿಲ್ಲಿಸಿ ತಿಳಿದವರನ್ನು ಕೇಳಬೇಕು

ಬಾಕ್ಸ್‌ವುಡ್ ಕೊಂಬೆಯ ಮೇಲೆ ಕಪ್ಪು ಗೀರುಗಳಿದ್ದು, ಎಲೆಯಲ್ಲಿ ದುಂಡು ಚುಕ್ಕೆ ಮೂಡಿ ಸರಸರ ಉದುರುತ್ತಿದ್ದರೆ ಚಳಿಯ ತಪ್ಪಲ್ಲ. ಅದು ಬಾಕ್ಸ್‌ವುಡ್ ಬ್ಲೈಟ್ ಅನ್ನುವ ಶಿಲೀಂಧ್ರ ರೋಗ ಇರಬಹುದು. ಅಮೆರಿಕದಲ್ಲಿ 2011ರಲ್ಲಿ ಮೊದಲು ಕಾಣಿಸಿಕೊಂಡಿತು, ಬೇಗ ಹರಡುತ್ತದೆ. ಆ ಗಿಡವನ್ನು ಕತ್ತರಿಸಿದ ಕತ್ತರಿಯನ್ನು ಇನ್ನೊಂದಕ್ಕೆ ತಾಗಿಸಬೇಡಿ, ಉದುರಿದ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬುಡದ ತೊಗಟೆ ಸುತ್ತಲೂ ಸೀಳಿದ್ದರೆ, ಒಂದೇ ಜಾತಿಯ ಮೂರು ನಾಲ್ಕು ಗಿಡ ಒಟ್ಟಿಗೆ ಕಂದಾದರೆ, ಜೂನ್ ಬಂದರೂ ಅರ್ಧ ಗಿಡ ಚಿಗುರದಿದ್ದರೆ, ಆಗಲೂ ಕೇಳುವುದು ಒಳ್ಳೆಯದು.

ಕೇಳಲು ದುಡ್ಡು ಕೊಡಬೇಕಾಗಿಲ್ಲ. ಇಲ್ಲಿ ಪ್ರತಿ ರಾಜ್ಯದಲ್ಲೂ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ಸೇವೆ ಇದೆ. ಊರಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದ್ದ ಹಾಗೆ. ಇಲಿನಾಯ್ ವಿಶ್ವವಿದ್ಯಾಲಯದ್ದು ನಮ್ಮ ಕಡೆ ನೋಡಿಕೊಳ್ಳುತ್ತದೆ. ಅಲ್ಲಿ ತರಬೇತಿ ಪಡೆದ ಮಾಸ್ಟರ್ ಗಾರ್ಡನರ್ ಸ್ವಯಂಸೇವಕರು ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಹೋಗುವಾಗ ಕಂದು ಮತ್ತು ಹಸಿರು ಎರಡೂ ಇರುವ ಒಂದು ಕೊಂಬೆಯನ್ನು ಕವರಿನಲ್ಲಿ ಹಾಕಿಕೊಳ್ಳಿ. ಯಾವ ದಿಕ್ಕಿನ ಪಕ್ಕ ಕಂದಾಗಿದೆ, ಕುಂಡ ಎಷ್ಟು ದೊಡ್ಡದು, ಕೊನೆಯ ಸಲ ನೀರು ಹಾಕಿದ್ದು ಯಾವಾಗ ಅಂತ ಬರೆದುಕೊಳ್ಳಿ. ಇಡೀ ಗಿಡದ ಫೋಟೊ ಒಂದು, ಹತ್ತಿರದ್ದು ಒಂದು. ಗಿಡವನ್ನು ಕುಂಡದಿಂದ ತೆಗೆದಿದ್ದರೆ ಬೇರಿನ ಫೋಟೊನೂ ಇರಲಿ. ಅವರೂ ಅದನ್ನೇ ಮೊದಲು ಕೇಳುತ್ತಾರೆ.